ಸ್ವೆಟರ್ ತೋಳಿನೊಳಗೆ ಹೋದ ಹಾವು

ಹೊರದೇಶದ ಆಲ್ಮೆರೆ ಎಂಬ ಊರಿನ ನಮ್ಮ ಮನೆಯಲ್ಲಿ ನನ್ನ ಗಂಡ ಒಂದು ಕಾರ್ನ್ ಸ್ನೇಕ್ ಸಾಕಿದ್ದರು. ಕಿತ್ತಳೆ ಬಣ್ಣದ, ವಿಷವಿಲ್ಲದ ಸಾಧು ಹಾವು. ಉಡುಪಿಯವಳಾದ ನಾನು ಹಾವಿಗೆ ದೂರದಿಂದಲೇ ಕೈ ಮುಗಿಯುವವಳು. ಕಾಯಿಲೆಯಿಂದ ಅವರ ಕೈ ನಡುಗತೊಡಗಿದಾಗ ಹಾವೂ ಬೆದರತೊಡಗಿತು. ಒಂದು ಮಧ್ಯಾಹ್ನ ನನ್ನನ್ನು ಗಾಜಿನ ಪೆಟ್ಟಿಗೆಯ ಮುಂದೆ ಕೂರಿಸಿಕೊಂಡರು.

"ಮೇಲಿನಿಂದ ಕೈ ಹಾಕಬೇಡ, ಹದ್ದು ಎರಗಿತು ಅಂದುಕೊಳ್ಳುತ್ತೆ. ಪಕ್ಕದಿಂದ ಹೋಗಿ ನಡು ಎತ್ತು. ಬಿಗಿ ಹಿಡಿಯಬೇಡ, ಅದು ಹರಿದ ಕಡೆಗೆ ಕೈ ಒಡ್ಡುತ್ತಾ ಹೋಗು. ಊಟ ಆದ ಮೇಲೆ ಎರಡು ದಿನ ಮುಟ್ಟಬೇಡ."

ಹೆದರುತ್ತಲೇ ಎತ್ತಿದೆ. ತಣ್ಣಗಿನ ನುಣುಪು ಮೈ ನನ್ನ ಮಣಿಕಟ್ಟಿಗೆ ಸುತ್ತಿಕೊಂಡು ಸುಮ್ಮನಾಯಿತು.

"ನೀವು ಹುಷಾರಾಗುವವರೆಗೆ ಮಾತ್ರ ನೋಡಿಕೊಳ್ತೀನಿ" ಎಂದೆ.

ಚಳಿಗಾಲ ಮುಗಿಯುವ ಮೊದಲೇ ಅವರು ಹೋದರು. ಬಂದವರನ್ನೆಲ್ಲ ವಿಚಾರಿಸಿಕೊಂಡು ಕಳಿಸಿದೆ. ಕಣ್ಣಲ್ಲಿ ಒಂದು ಹನಿ ನೀರೂ ಬರಲಿಲ್ಲ. ಮರುವಾರ ಹಾವನ್ನು ಹೊರಗೆ ತೆಗೆದಾಗ, ಅದು ಕುರ್ಚಿಯ ಮೇಲಿದ್ದ ಅವರ ಸ್ವೆಟರಿನ ತೋಳಿನೊಳಗೆ ನುಸುಳಿಬಿಟ್ಟಿತು. ಹಾವನ್ನು ಎಳೆಯಬಾರದು, ತಾನಾಗಿ ಬರುವವರೆಗೂ ಕಾಯಬೇಕು. ಸ್ವೆಟರನ್ನು ಮಡಿಲಲ್ಲಿಟ್ಟುಕೊಂಡು ಕೂತೆ. ಖಾಲಿ ತೋಳು ಮೆಲ್ಲಗೆ ಅಲುಗಿತು. ಅದನ್ನು ನೋಡುತ್ತಾ ನೋಡುತ್ತಾ ಬಿಕ್ಕಿ ಬಿಕ್ಕಿ ಅತ್ತೆ.