ಬೇಸಿನ್ನಿನ ಕೈ

ಇದನ್ನು ಬರೆಯಬೇಕೆಂದು ಕುಳಿತು ಎದ್ದುಹೋದದ್ದು ಎಷ್ಟು ಸಲವೋ. ಕನ್ನಡಕ ಸರಿಯಿಲ್ಲ, ಮಂಡಿನೋವು, ಮನೆಗೆ ಯಾರೋ ಬಂದರು ಎಂದು ಪ್ರತಿ ಸಲವೂ ಒಂದು ನೆಪ ಸಿಗುತ್ತಿತ್ತು. ನಿಜವೆಂದರೆ, ಆಪಾ ನೆನಪಾದರೆ ನನಗೆ ಮೊದಲು ಕಾಣುವುದು ಅವರ ಮುಖವಲ್ಲ, ಕೈ. ಆ ಕೈಯನ್ನು ಎದುರಿಸುವ ಧೈರ್ಯ ನನಗಿರಲಿಲ್ಲ.

ಆಪಾ ಎಂದರೆ ಅಕ್ಕ. ಬೀದಿಗೆಲ್ಲ ಅವರು ಆಪಾ. ಹುಡುಗಿಯಾಗಿದ್ದಾಗಿನಿಂದ ರಾಮನಗರದ ರೇಷ್ಮೆ ರೀಲಿಂಗ್ ಘಟಕದಲ್ಲಿ ದುಡಿದವರು. ಬೇಸಿನ್ನಿನ ಬಿಸಿನೀರಿಗೆ ಕೈಯಿಟ್ಟು, ಬೆಂದ ಗೂಡಿನಿಂದ ಎಳೆ ಹುಡುಕಿ ತೆಗೆಯುವ ಕೆಲಸ. ಬೆರಳ ತುದಿಗಳು ಸದಾ ಬೆಳ್ಳಗೆ ಸುಕ್ಕುಗಟ್ಟಿ, ನೆನೆಹಾಕಿ ಸುಲಿದ ಬಾದಾಮಿಯ ಹಾಗಿರುತ್ತಿದ್ದವು. ಅಷ್ಟು ಬೆಂದರೂ ಆ ಕೈಗೆ ಮುಟ್ಟುವ ಆಸೆ ತೀರಿರಲಿಲ್ಲ. ಅಂಗಡಿಯ ಸೀರೆಯಿರಲಿ, ಬಸ್ಸಿನಲ್ಲಿ ಪಕ್ಕದವರ ಮಗುವಿನ ಕೆನ್ನೆಯಿರಲಿ, ಮುಟ್ಟಿಯೇ ಮಾತು ಶುರು.

ನಾನು ಆಗ ಊರಿನ ಆರ್ಟ್ ಗ್ಯಾಲರಿಯಲ್ಲಿ ಅಟೆಂಡರ್. ಎಸ್ಸೆಸ್ಸೆಲ್ಸಿ ಪಾಸಾದವನೆಂಬ ಜಂಬ, ಮೈಮೇಲೆ ಖಾಕಿ ಅಂಗಿ, ಬಾಗಿಲ ಬಳಿ ಒಂದು ಸ್ಟೂಲು. ದಿನವಿಡೀ ಬಾಯಲ್ಲಿ ಒಂದೇ ಮಾತು: "ಮುಟ್ಟಬೇಡಿ." ಒಂದು ಭಾನುವಾರ ಆಪಾ ಬೀದಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಬಂದು, ನಮ್ಮ ಬೆಟ್ಟದ ದೊಡ್ಡ ಚಿತ್ರದ ಮುಂದೆ ನಿಂತರು.

"ಇದು ನಮ್ ಮಾಳಿಗೆಯಿಂದ ದಿನಾ ಪುಕ್ಸಟ್ಟೆ ಕಾಣ್ತೈತಲ್ಲಣ್ಣಾ. ಇಲ್ಲಿ ತಂದ್ ಯಾಕ್ ಕಟ್ಟಾಕಿದೀರಾ?"

ಹೆಂಗಸರು ಗೊಳ್ಳೆಂದು ನಕ್ಕರು. ಅಷ್ಟರಲ್ಲಿ ಆಪಾ ಕೈ ಚಿತ್ರದ ಕಡೆ ಚಾಚಿತ್ತು. ನಾನು ಓಡಿದೆ.

"ಮುಟ್ಟಬೇಡಿ!"

"ಯಾಕೆ, ಬೆಟ್ಟ ಕಚ್ತೈತಾ?"

"ರೂಲ್ಸು ಕಣಮ್ಮ."

"ದೇವ್ರು ಕೊಟ್ಟಿರೋದು ಎರಡು ಕಣ್ಣು, ಹತ್ತು ಬೆರಳು. ಹತ್ತನ್ನೂ ಸುಮ್ನೆ ಕೂರ್ಸಿ ಎರಡ್ರ ಕೈಲೇ ಗೇಯಿಸ್ತೀರಲ್ಲ, ಮುಟ್ಬೇಡಣ್ಣ, ಯಾವೂರ್ ನ್ಯಾಯ ಇದು?"

ಅಂದಿನಿಂದ ನನಗೆ ಆ ಹೆಸರೇ ನಿಂತಿತು. ಹಿಂದೆ ನಿಂತು ಕೇಳಿಸಿಕೊಂಡಿದ್ದ ನಮ್ಮ ಗ್ಯಾಲರಿಯ ಮೇಡಂ ಮಾತ್ರ ನಗಲಿಲ್ಲ, ಯೋಚಿಸಿದರು. ಕೆಲವು ವಾರಗಳಲ್ಲಿ ಭಾನುವಾರದ "ಮುಟ್ಟಿ ನೋಡಿ" ಕಾರ್ಯಕ್ರಮ ಶುರುವಾಯಿತು. ಕಲ್ಲು, ಮಣ್ಣು, ಮರದ ಕೆಲಸಗಳನ್ನು ಗಾಜಿನಿಂದ ಹೊರಗೆ ತೆಗೆದು ಮೇಜಿನ ಮೇಲೆ ಇಡುತ್ತಿದ್ದೆವು. ಜನರನ್ನು ಕರೆತರುವುದು ಆಪಾ ಪಾಲು. "ಟೀವಿ ಎಲ್ಲೂ ಓಡೋಗಲ್ಲ, ಬನ್ರೇ," ಎಂದು ಬಾಗಿಲು ಬಾಗಿಲಿಗೂ ಹೋಗಿ ಎಬ್ಬಿಸುತ್ತಿದ್ದರು. ನನಗೆ ಅದು ಹಿಡಿಸಲಿಲ್ಲ. ಸ್ಟೂಲಿನ ಮರ್ಯಾದೆ ಹೋಯಿತು ಅನ್ನಿಸಿತು.

ಚನ್ನಪಟ್ಟಣದ ಹಳೆಯ ಗೊಂಬೆಗಳ ಪ್ರದರ್ಶನ ನಡೆದಾಗ ಅಲ್ಲಿಂದ ಒಂದು ಕೆಂಪು ಮರದ ಕುದುರೆ ಬಂದಿತ್ತು. ಭಾನುವಾರ ಅದನ್ನು ಮುಟ್ಟದವರಿಲ್ಲ. ಆಪಾ ಅಂತೂ ಕಣ್ಣು ಮುಚ್ಚಿಕೊಂಡು ಅದರ ಬೆನ್ನು ಸವರಿದ್ದೇ ಸವರಿದ್ದು. ಸಂಜೆ ನೋಡಿದರೆ ಮೈತುಂಬ ಬೆರಳಚ್ಚು. ನಾನು ಸಿಟ್ಟಿನಿಂದ ಗಾಜು ಒರೆಸುವ ಸ್ಪಿರಿಟ್ ತಂದು ತಿಕ್ಕಿದೆ. ಗೊಂಬೆಯ ಬಣ್ಣ ಅರಗಿನದು, ಸ್ಪಿರಿಟ್‌ಗೆ ಕರಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಬಟ್ಟೆ ಕೆಂಪಾಯಿತು. ಕುದುರೆಯ ಬೆನ್ನು ಮಂಕಾಗಿ, ಅಂಟಂಟಾಗಿ, ಸಿಪ್ಪೆ ಸುಲಿದಂತಾಯಿತು. ಬಟ್ಟೆಯನ್ನು ಕಸದ ಡಬ್ಬಿಯ ತಳಕ್ಕೆ ತುರುಕಿದೆ.

ಮಾರನೆಯ ದಿನ ಮೇಡಂ ಕೇಳಿದಾಗ ನಾನೆಂದೆ: "ನಿನ್ನೆ ಜನ ಮುಟ್ಟಿದ್ರಲ್ಲ ಮೇಡಂ. ಆಪಾ ಒಸಿ ಜಾಸ್ತಿನೇ ಉಜ್ಜಿದ್ರು."

ಕಾರ್ಯಕ್ರಮ ನಿಂತಿತು. ಸುದ್ದಿ ಕೇಳಿ ಆಪಾ ಬಂದರು. ಕೂಗಾಡುತ್ತಾರೆ, ನನ್ನ ಜನ್ಮ ಜಾಲಾಡುತ್ತಾರೆ ಎಂದುಕೊಂಡಿದ್ದೆ. ಅವರು ಕುದುರೆಯನ್ನು ನೋಡಿದರು, ಅಂಗೈ ತಿರುಗಿಸಿ ನೋಡಿಕೊಂಡರು.

"ಇರ್ಬೈದು ಮೇಡಂ. ಬೇಸಿನ್ ಕೈ ನಮ್ದು. ಹುಳ ಬೆಂದ ನೀರೆಲ್ಲಾ ಒಳಕ್ಕೇ ಇಳ್ದೈತೆ. ಬಣ್ಣ ತಿಂದಾಕ್ಬುಡ್ತು." ಕೈಯನ್ನು ಸೆರಗಿನಡಿ ಸರಿಸಿ ಮತ್ತೆ ಅಂದರು: "ತಪ್ಪು ಮಾಡಿದ್ದು ನನ್ ಕೈ. ಮಿಕ್ಕೋರ್ ಕೈ ಏನ್ ಮಾಡ್ತು? ಅವರ್ನ ಬುಡಿ. ನಾನು ದೂರ ನಿಂತ್ಕೊತೀನಿ."

ಗೊಂಬೆಯವರು ಕುದುರೆಗೆ ಹೊಸದಾಗಿ ಅರಗು ಹಿಡಿಸಿಕೊಟ್ಟರು. ಆಪಾ ಹಟ ಬಿಡದೆ ಕೇಳಿ ಕೇಳಿ ಭಾನುವಾರವನ್ನು ವಾಪಸು ತಂದರು. ಮಾಗಡಿ, ಕನಕಪುರದ ಕಡೆಯಿಂದಲೂ ಜನ ಬರತೊಡಗಿದರು. ಆಪಾ ಮಾತ್ರ ಕೊಟ್ಟ ಮಾತಿನಂತೆ ಎರಡೂ ಕೈಗೆ ಸೆರಗು ಸುತ್ತಿಕೊಂಡು ದೂರ ನಿಲ್ಲುತ್ತಿದ್ದರು. ಕಣ್ಣು ಕಾಣದ ಮಕ್ಕಳು ಬಂದಾಗ, "ಕಿವಿ ಸಿಕ್ತಾ? ಈಗ ಕತ್ತಿನ್ ಮೇಲಿಂದ ಒಸಿ ಕೆಳಕ್ ಬಾ," ಎಂದು ಬಾಯಲ್ಲೇ ದಾರಿ ತೋರಿಸುತ್ತಿದ್ದರು. ಒಂದು ಮಗು ತಡಕಾಡಿ ಅವರ ಕೈ ಹಿಡಿಯಲು ಹೋಯಿತು. ಆಪಾ ಥಟ್ಟನೆ ಹಿಂದಕ್ಕೆಳೆದುಕೊಂಡರು.

"ಕೈ ಬ್ಯಾಡ ಮಗಾ. ಸೆರಗು ಹಿಡ್ಕೋ."

ನಾನು ಅಲ್ಲೇ ಸ್ಟೂಲಿನ ಮೇಲಿದ್ದೆ. ಬಾಯಿ ಬಿಟ್ಟಿದ್ದರೆ ಸಾಕಿತ್ತು.

ಮರಳವಾಡಿಯ ಮಗಳ ಮನೆಯಲ್ಲೇ ಇರಲು ಹೊರಟ ದಿನ ಆಪಾ ಗ್ಯಾಲರಿಗೆ ಬಂದು, "ಬತ್ತೀನಿ ಮುಟ್ಬೇಡಣ್ಣ. ಭಾನುವಾರ ಮಾತ್ರ ನಿಲ್ಲಿಸ್ಬ್ಯಾಡಿ," ಎಂದರು. "ಆಯ್ತಮ್ಮ," ಎಂದೆ. ಅಷ್ಟೇ. ನಿವೃತ್ತನಾದ ಮೇಲೂ ಭಾನುವಾರ ತಪ್ಪಿಸಿಲ್ಲ. ಹೊಸಬರು ಹಿಂಜರಿದರೆ, "ಮುಟ್ಟಿ, ಏನೂ ಆಗಲ್ಲ," ಎನ್ನುವವನು ಈಗ ನಾನೇ.

ಮೊನ್ನೆ ಅವರ ಮೊಮ್ಮಗಳು ಗ್ಯಾಲರಿಗೆ ಬಂದಿದ್ದಳು. ಆಪಾಗೆ ಕಣ್ಣು ಮಂಜಾಗಿದೆಯಂತೆ. "ನಾನಿ ಇಲ್ಲಿಗ್ ಕರ್ಕೊಂಡೋಗು ಅಂತಾರೆ ತಾತ. ಆದ್ರೆ ಬಂದು ಏನ್ ನೋಡ್ತಾರೆ?" ಎಂದಳು. ಆಗಲೂ ನನ್ನ ನಾಲಗೆ ಏಳಲಿಲ್ಲ. ಅದಕ್ಕೇ ಬರೆದೆ.

ಇದನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳು ತಾಯಿ. ಬಣ್ಣ ತಿಂದದ್ದು ನಿನ್ನ ನಾನಿಯ ಕೈಯಲ್ಲ, ನನ್ನ ಸ್ಪಿರಿಟ್ ಬಟ್ಟೆ. ಆ ಕೈಗಳನ್ನು ಸೆರಗಿನಿಂದ ಬಿಡಿಸಿ, ಈ ಭಾನುವಾರವೇ ಕರೆದುಕೊಂಡು ಬಾ. ಮೇಜಿನ ಈಚೆ ನಿಂತು, ಇಷ್ಟು ವರ್ಷ ಕೇಳದ ಕ್ಷಮೆಯನ್ನು ನಾನೇ ಬಾಯಿಬಿಟ್ಟು ಕೇಳುತ್ತೇನೆ, ಬೀದಿಯವರು ಕರೆದ ಹೆಸರಿನಿಂದಲ್ಲ, ಹೆತ್ತವರು ಇಟ್ಟ ಹೆಸರು ಹಿಡಿದು: ಶಮೀಮುನ್ನೀಸಾ.