ತುಂಬಿದ ಚೊಂಬು

ಅಪ್ಪ ತೀರಿಕೊಂಡು ಮೂರು ತಿಂಗಳಾಗಿತ್ತು. ಅವರ ಬಲೆ ಗಟ್ಟಿಯಿತ್ತು, ದೋಣಿ ಕೊಳೆತಿತ್ತು. ಹಳೆಯ ದೋಣಿಯೊಂದನ್ನು ಕೊಳ್ಳಲು ಜೂರಾಲ ಅಣೆಕಟ್ಟಿನ ಹಿನ್ನೀರಿಗೆ ಹೋದೆ. ಈಜು ಅಷ್ಟಾಗಿ ಬಾರದ ನನಗೆ ಮಗುಚದ ದೋಣಿ ಬೇಕಿತ್ತು. ಕೈಯಲ್ಲಿದ್ದ ದುಡ್ಡಿಗೆ ಎರಡೇ ಸಿಗುತ್ತಿದ್ದವು. ಒಂದಕ್ಕೆ ಹೊಸ ನೀಲಿ ಬಣ್ಣವಿತ್ತು, ಇನ್ನೊಂದರ ತಳಕ್ಕೆ ತೇಪೆ ಹಾಕಿತ್ತು.

ಅಪ್ಪ ಮಾಡುತ್ತಿದ್ದಂತೆ, ನೀರಲ್ಲಿ ತೇಲುತ್ತಿದ್ದ ಒಂದೊಂದು ದೋಣಿಯ ನಡುವೆಯೂ ತುಂಬಿದ ಚೊಂಬು ಇಟ್ಟು, ಅಂಚಿಗೆ ಸರಿದು, ಬಲೆ ಎಳೆಯುವವಳಂತೆ ಬಾಗಿದೆ.

“ಕುಡ್ಯಾಕ ನೀರ ತಂದೀಯೇನವ್ವ?” ಎಂದು ದೋಣಿ ಮಾರುವ ಅಜ್ಜ ನಕ್ಕ.

ನೀಲಿ ದೋಣಿಯಲ್ಲಿ ಚೊಂಬು ಉರುಳಿತು. ತೇಪೆಯ ದೋಣಿಯಲ್ಲಿ ಒಂದು ಹನಿಯೂ ಚೆಲ್ಲಲಿಲ್ಲ. ಒಳಗಿನಿಂದ ತೇಪೆ ಮುಟ್ಟಿ ನೋಡಿದೆ, ಒಣಗಿತ್ತು. “ಇದಽ ಇರಲಿ,” ಅಂದೆ.

ಅಜ್ಜನ ನಗು ನಿಂತಿತು. “ಈ ದಂಡ್ಯಾಗ ಹಿಂಗ ನೋಡಿ ತಗೊಳ್ಳಾವ ಒಬ್ಬನಽ ಇದ್ದ. ಅವನ ಮಗಳೇನು?”

“ಹೌದ್ರಿ.”

ಅಪ್ಪ ಹೋದ ಮೇಲೆ ಅವರ ಮಾತು ಬಂದಾಗ ನನ್ನ ದನಿ ನಡುಗದಿದ್ದದ್ದು ಅಂದೇ ಮೊದಲು.