ನಾನು ಹಾಕದ ಟಿಕ್ಕು

ನಿವೃತ್ತಿಯಾದ ಮೇಲೆ ರಾಜಾಜಿನಗರದ ನಮ್ಮ ಜನಾಂಗದ ಸಂಘದಲ್ಲಿ ವಧು-ವರರ ವಿಭಾಗ ನನ್ನ ತಲೆಗೆ ಬಂತು. ಬಂತು ಅಂದರೆ ನಾನೇ ಕೇಳಿ ಹಾಕಿಸಿಕೊಂಡೆ. ಮನೆಯಲ್ಲಿ ಕೂತು ಹೆಂಡತಿಗೆ ಹುರುಳಿಕಾಯಿ ಹೇಗೆ ಹೆಚ್ಚಬೇಕು ಎಂದು ಹೇಳಿಕೊಡುವುದಕ್ಕಿಂತ ಇದು ಇಬ್ಬರಿಗೂ ಕ್ಷೇಮವಾಗಿತ್ತು. ಆಗ ಅಲ್ಲೊಂದು ದಪ್ಪ ರಿಜಿಸ್ಟರ್ ಇತ್ತು. ಮದುವೆ ಗೊತ್ತಾದವರ ಹೆಸರಿನ ಮೇಲೆ ಕೆಂಪು ಇಂಕಿನಲ್ಲಿ ಗೆರೆ ಎಳೆಯುವುದು ಪದ್ಧತಿ.

ಅದನ್ನು ನೋಡಿ ನನ್ನ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡು ಭಾನುವಾರ ಕೂತು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿದಳು. ವಿವರ ತುಂಬಿದರೆ ಸಾಕು, ಎಐ ಚೆಂದದ ಕನ್ನಡದಲ್ಲಿ ಪರಿಚಯ ಬರೆಯುತ್ತಿತ್ತು. ಪ್ರತಿ ತಿಂಗಳ ಒಂದನೇ ತಾರೀಕು ಅದು ತಾನಾಗಿಯೇ ಎಲ್ಲ ಸದಸ್ಯರ ವಾಟ್ಸಾಪಿಗೆ ಹೋಗುತ್ತಿತ್ತು, ಕೆಳಗೆ ಸಂಚಾಲಕನಾದ ನನ್ನ ಹೆಸರಿನ ಸಮೇತ. ಆ ಎಐಗೆ ಎಲ್ಲರ ಮೇಲೂ ಒಂದೇ ಪ್ರೀತಿ. ಹುಡುಗಿಯರೆಲ್ಲ ಮೃದುಭಾಷಿಗಳು, ಹುಡುಗರೆಲ್ಲ ಸಂಸ್ಕಾರವಂತರು. ವಾರ್ಷಿಕೋತ್ಸವದಲ್ಲಿ ಮೈಕಿಗಾಗಿ ಕಿತ್ತಾಡಿದ ಪುಣ್ಯಾತ್ಮನೂ ಅದರ ಕೈಯಲ್ಲಿ ಮಿತಭಾಷಿಯಾಗಿದ್ದ.

"ಅಪ್ಪ, ಇದು ತಾನಾಗೇ ಓಡುತ್ತೆ. ಆದ್ರೆ ಯಾರಿಗೆ ಫಿಕ್ಸ್ ಆಯ್ತು ಅಂತ ಅದಕ್ಕೆ ತಾನಾಗೇ ಗೊತ್ತಾಗಲ್ಲ," ಎಂದಿದ್ದಳು ಮಗಳು. "ಆದವ್ರ ಹೆಸ್ರ ಮುಂದೆ ನೀನು ಟಿಕ್ ಹಾಕ್ಬೇಕು. ಇಲ್ದಿದ್ರೆ ಪ್ರತಿ ತಿಂಗ್ಳೂ ಹಳೇದನ್ನೇ ಹೊಸದಾಗಿ ಬರ್ದು ಕಳಿಸ್ತಾ ಇರುತ್ತೆ."

ಟಿಕ್ ಹಾಕಲು ನನಗೇನು ಕಷ್ಟ? ಆದರೆ ಯಾರಾದರೂ ಬಂದು ಹೇಳಬೇಕಲ್ಲ. ನಮ್ಮವರು ಲಗ್ನಪತ್ರಿಕೆ ಅಚ್ಚಾಗುವವರೆಗೆ ತುಟಿ ಪಿಟಕ್ ಎನ್ನುವುದಿಲ್ಲ. ಕಣ್ಣು ಬೀಳುತ್ತದಂತೆ. ಪತ್ರಿಕೆ ಬಂದ ಮೇಲೆ ಹಂಚುವ ಗಡಿಬಿಡಿ, ಆಮೇಲೆ ಮದುವೆ. ಅಷ್ಟರಲ್ಲಿ ಸಂಘ ಯಾರಿಗೆ ನೆನಪಿರುತ್ತದೆ? ವಿಜಯನಗರದ ಒಬ್ಬ ಹುಡುಗ ತನ್ನ ಹೆಂಡತಿಯ ಸೀಮಂತದ ದಿನವೂ ನಮ್ಮ ಪಟ್ಟಿಯಲ್ಲಿ ಬಾಳಸಂಗಾತಿಯ ನಿರೀಕ್ಷೆಯಲ್ಲಿದ್ದ. ಅವನ ಮಾವ ಫೋನ್ ಮಾಡಿ ನನಗೆ ಚೆನ್ನಾಗಿ ಉಗಿದರು. ಮುಂದಿನ ಸಭೆಯಲ್ಲಿ ನಾನು ಮೈಕು ಹಿಡಿದು, "ನೀವು ಬಚ್ಚಿಟ್ರೆ ಕಂಪ್ಯೂಟರ್ ಏನ್ ಮಾಡ್ಬೇಕು ಸ್ವಾಮಿ," ಎಂದು ಅರ್ಧ ಗಂಟೆ ಕೊರೆದೆ. ಚಪ್ಪಾಳೆಯೂ ಬಿತ್ತು.

ಆಮೇಲೆ ನನ್ನ ಮಗಳಿಗೇ ಸಂಬಂಧ ಕುದುರಿತು. ನಂದಿನಿ ಲೇಔಟಿನ ಹುಡುಗ, ಅವನೂ ನಮ್ಮ ಪಟ್ಟಿಯವನೇ. ಸದ್ದಿಲ್ಲದೆ ತಾಂಬೂಲ ಬದಲಾಯಿಸಿಕೊಂಡು ಬಂದೆವು.

"ಕಾರ್ಡ್ ಬರೋವರ್ಗೂ ಯಾರಿಗೂ ಹೇಳೋದ್ ಬೇಡ," ಎಂದಳು ಹೆಂಡತಿ.

"ಅಕ್ಕಂಗೆ?"

"ನಿಮ್ಮಕ್ಕಂಗಂತೂ ಬೇಡ್ವೇ ಬೇಡ."

ಕೆಂಗೇರಿ ಉಪನಗರದಲ್ಲಿರುವ ನನ್ನ ಅಕ್ಕನೇ ನನ್ನನ್ನು ಸಾಕಿದವಳು. ಅಮ್ಮ ಹೋದಾಗ ನನಗೆ ಏಳು ವರ್ಷ, ಅವಳಿಗೆ ಹದಿನಾರು. ನನ್ನ ಮಗಳಿಗೆ ಗಂಡು ಹುಡುಕಲು ಮೂರು ವರ್ಷದಿಂದ ನನಗಿಂತ ಹೆಚ್ಚು ಚಪ್ಪಲಿ ಸವೆಸಿದ್ದಳು. ಆದರೆ ಅವಳ ಬಾಯಲ್ಲಿ ಎಳ್ಳುಕಾಳು ನೆನೆಯದು. ಹಿಂದೊಂದು ಸಂಬಂಧ ಮಾತುಕತೆಯಲ್ಲಿದ್ದಾಗಲೇ ಹಾಲಿನ ಬೂತಿನವನಿಗೂ ಹೇಳಿ ಬಂದಿದ್ದಳು. ಅದು ಮುರಿದದ್ದು ಬೇರೆ ಕಾರಣಕ್ಕೆ. ಆದರೂ ನನ್ನ ಹೆಂಡತಿ ಅದನ್ನು ಅಕ್ಕನ ತಲೆಗೇ ಕಟ್ಟಿದ್ದಳು. ನಾನು ಎದುರಾಡಲಿಲ್ಲ. ಮನೆಯಲ್ಲಿ ನೆಮ್ಮದಿ ಬೇಕಿತ್ತು, ಅಷ್ಟೇ.

"ನನ್ ಹೆಸ್ರಿಗೆ ಟಿಕ್ ಹಾಕಿದ್ಯಾ ಅಪ್ಪ?" ಎಂದು ಮಗಳು ಎರಡು ಸಲ ಕೇಳಿದಳು.

"ಹ್ಞೂಂ, ಹಾಕ್ತೀನಿ," ಎಂದೆ. ಹಾಕಲಿಲ್ಲ. ಹಾಕಿದರೆ ಸಮಿತಿಯ ಇನ್ನಿಬ್ಬರಿಗೆ ಕಾಣುತ್ತಿತ್ತು, ಅವರಿಗೆ ಕಂಡರೆ ಸಂಜೆಯೊಳಗೆ ಸುದ್ದಿ ಕೆಂಗೇರಿಗೆ ಮುಟ್ಟುತ್ತಿತ್ತು. ಮೈಕು ಹಿಡಿದು ಊರಿಗೆಲ್ಲ ಬುದ್ಧಿ ಹೇಳಿದ ಮಹಾನುಭಾವ ನಾನೇ.

ಒಂದನೇ ತಾರೀಕು ಬಂತು. 'ಹಿರಿಯರ ಆಶೀರ್ವಾದದೊಂದಿಗೆ ಯೋಗ್ಯ ವರನಿಗಾಗಿ ತಾಳ್ಮೆಯಿಂದ ಕಾಯುತ್ತಿರುವ ಮೃದುಭಾಷಿ ಕನ್ಯೆ' ಎಂಬ ಮೆಸೇಜು ಹೋಯಿತು. ಅದೇ ಹೊತ್ತಿಗೆ ಆ ಮೃದುಭಾಷಿ, ನಾನು ಹಾಸಿಗೆಯ ಮೇಲೆ ಒದ್ದೆ ಟವೆಲ್ ಬಿಟ್ಟದ್ದಕ್ಕೆ ಬೀದಿಗೆ ಕೇಳುವಂತೆ ಕೂಗಾಡುತ್ತಿದ್ದಳು. ಹುಡುಗನ ತಾಯಿಯ ಫೋನ್ ಬಂತು.

"ಏನ್ ಬೀಗರೇ, ಇನ್ನೂ ಒಳ್ಳೇದು ಸಿಗುತ್ತಾ ಅಂತ ನೋಡ್ತಾ ಇದೀರಾ?"

ತೊದಲುತ್ತಾ ಇದ್ದದ್ದನ್ನು ಹೇಳಿದೆ. ಆಕೆ ನಕ್ಕುಬಿಟ್ಟರು. "ಹೋಗ್ಲಿ ಬಿಡಿ. ನಮ್ ಹುಡುಗನ್ದೂ ಬಂದಿದೆ ಅದ್ರಲ್ಲಿ. ನಮ್ ತಂಗಿ ಅದನ್ ನೋಡಿ ಒಂದು ಹೆಣ್ಣಿದೆ ಅಂತ ಫೋನ್ ಮಾಡಿದ್ಲು. ನಾವೂ ಅವಳಿಗೆ ಹೇಳಿರ್ಲಿಲ್ಲ."

ಅಕ್ಕನ ಫೋನ್ ಮಾತ್ರ ಬರಲಿಲ್ಲ. ಸದ್ಯ, ಅವಳು ನೋಡಿಲ್ಲ ಎಂದು ಗಂಡ ಹೆಂಡತಿ ಇಬ್ಬರೂ ನಿಟ್ಟುಸಿರು ಬಿಟ್ಟೆವು.

ಹತ್ತು ದಿನಕ್ಕೆ ಪತ್ರಿಕೆ ಬಂತು. ಮೊದಲನೆಯದನ್ನು ಮನೆದೇವರ ಮುಂದಿಟ್ಟು, ಎರಡನೆಯದನ್ನು ಹಿಡಿದು ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಕರೆಯಲು ಗಂಡ ಹೆಂಡತಿ ಜೊತೆಯಾಗಿ ಹೋಗಬೇಕು. ನನ್ನ ಹೆಂಡತಿಗೆ ಅವತ್ತು ಸರಿಯಾಗಿ ತಲೆನೋವು ಬಂದಿತ್ತು.

ಬಾಗಿಲು ತೆಗೆದ ಅಕ್ಕನ ಕಾಲಿಗೆ ಬ್ಯಾಂಡೇಜು ಸುತ್ತಿತ್ತು.

"ಏನಾಯ್ತಕ್ಕ?"

"ಹೇರೋಹಳ್ಳಿ ರಸ್ತೆ ಕಣೋ. ಎಲ್ಲಾ ಅಗೆದು ಹಾಕಿದಾರೆ, ಕಾಲು ಉಳುಕ್ತು." ನನ್ನನ್ನು ಕೂರಿಸಿ, ಟಿವಿಯ ಮೇಲಿಂದ ಒಂದು ಪ್ಲಾಸ್ಟಿಕ್ ಕವರ್ ತಂದಳು. ಒಳಗೆ ಒಂದು ಜಾತಕ, ಒಬ್ಬ ಹುಡುಗನ ಫೋಟೋ. "ನಿನ್ ಮೆಸೇಜ್ ನೋಡ್ದೆ. ಮಗು ಇನ್ನೂ ಕಾಯ್ತಾ ಇದೆಯಲ್ಲ ಅಂತ ಹೊಟ್ಟೆ ಉರೀತು. ಎರಡ್ ಸಲ ಹೋಗ್ ಬಂದೆ. ಬಂಗಾರದಂಥಾ ಹುಡುಗ ಕಣೋ. ಭಾನುವಾರ ಹೆಣ್ಣು ನೋಡೋಕೆ ಬನ್ನಿ ಅಂತ ಮಾತು ಕೊಟ್ಟಿದೀನಿ." ಆಮೇಲೆ ದನಿ ತಗ್ಗಿಸಿದಳು. "ಈ ಸಲ ಒಬ್ರಿಗೂ ಹೇಳಿಲ್ಲ. ನಿಂಗೂ ಹೇಳ್ಲಿಲ್ಲ ನೋಡು. ಎಲ್ಲಿ ಕಣ್ಣು ಬೀಳುತ್ತೋ ಅಂತ."

ಪತ್ರಿಕೆ ತೆಗೆದು ಅವಳ ಕೈಗಿಟ್ಟೆ. ಅವಳು ಕನ್ನಡಕ ಒರೆಸಿಕೊಂಡು, ಒಂದೊಂದು ಸಾಲಿನ ಕೆಳಗೂ ಬೆರಳಿಟ್ಟು, ಕೊನೆಯವರೆಗೂ ಓದಿದಳು.

"ಯಾವಾಗ ಗೊತ್ತಾಯ್ತು?"

"ಒಂದು ತಿಂಗಳಾಯ್ತಕ್ಕ."

"ಮೆಸೇಜು ಮೊನ್ನೆ ಬಂತಲ್ಲೋ."

"ಅದು ನಾನು ಬರ್ದಿದ್ದಲ್ಲ. ಕಂಪ್ಯೂಟರ್ ತಾನೇ ಬರ್ದು ಕಳಿಸುತ್ತೆ."

"ಕೆಳಗೆ ನಿನ್ ಹೆಸರಿತ್ತು," ಎಂದಳು ಅಕ್ಕ. "ಅದಕ್ಕೇ ಹೋದೆ."

ನನ್ನೆದುರಿಗೇ ಹೇರೋಹಳ್ಳಿಯ ಆ ಹುಡುಗನ ಮನೆಗೆ ಫೋನ್ ಮಾಡಿದಳು. "ತಪ್ಪು ತಿಳ್ಕೋಬೇಡಿ ತಾಯಿ. ನಮ್ ಹುಡ್ಗಿಗೆ ಆಗ್ಲೇ ಗೊತ್ತಾಗಿದೆ. ನಮ್ ತಮ್ಮ ಮೊದಲು ನಂಗೇ ಬಂದು ಹೇಳಿದ್ದ, ನಾನೇ ಮರ್ತುಬಿಟ್ಟೆ. ವಯಸ್ಸಾಯ್ತು ನೋಡಿ."

ಬಂಧು ಬಳಗದ ಎಲ್ಲರ ನಕ್ಷತ್ರ, ಪಾದ ಬಾಯಿಪಾಠವಿರುವ ಹೆಂಗಸು. ಫೋನಿಟ್ಟು, ಪತ್ರಿಕೆಗೆ ಅರಿಶಿನ ಕುಂಕುಮ ಹಚ್ಚಿ ದೇವರ ಮುಂದಿಟ್ಟಳು. ಊಟ ಮಾಡ್ಕೊಂಡು ಹೋಗು ಎಂದು ಕುಂಟುತ್ತಾ ಅಡುಗೆಮನೆಗೆ ಹೋದಳು. ನಾನು ಕೂತಲ್ಲೇ ಫೋನ್ ತೆಗೆದು ಮಗಳ ಹೆಸರಿನ ಮುಂದೆ ಟಿಕ್ ಹಾಕಿದೆ. 'ನಿಮ್ಮ ಮಾಹಿತಿ ಈಗ ಸರಿಯಾಗಿದೆ, ಧನ್ಯವಾದಗಳು' ಎಂದಿತು ಅದು.